ಚರಿತ್ರೆಯ ಮೇಷ್ಟ್ರು, ಬ್ಯಾಸ್ಕೆಟ್‌ಬಾಲ್ ಕೋಚ್: ಮಾರ್ಗನ್ ವುಟನ್ ಪ್ರೌಢಶಾಲೆಯನ್ನು ಬಿಟ್ಟು ಹೋಗಲಿಲ್ಲವೇಕೆ?

ಮೈಸೂರಿನ ಓದುಗ (ಚರ್ಚೆಯ ಆರಂಭ)

ನಮ್ಮ ಪ್ರೌಢಶಾಲೆಗಳಲ್ಲಿ ಚರಿತ್ರೆ ಹೇಳುವ ಮೇಷ್ಟ್ರು ಬೇರೆ, ಆಟ ಆಡಿಸುವ ಪಿಟಿ ಮೇಷ್ಟ್ರು ಬೇರೆ. ಒಬ್ಬರದು ಸೀಮೆಸುಣ್ಣ, ಇನ್ನೊಬ್ಬರದು ಸೀಟಿ. ಅಮೆರಿಕದ ಪ್ರೌಢಶಾಲೆಗಳಲ್ಲಿ ಇವೆರಡೂ ಒಬ್ಬರ ಕೈಯಲ್ಲೇ ಇರುವುದು ಬಹಳ ಹಿಂದಿನಿಂದ ನಡೆದು ಬಂದಿರುವ ಪದ್ಧತಿ. ಹಗಲು ತರಗತಿಯಲ್ಲಿ ಪಾಠ ಮಾಡಿದವರೇ ಶಾಲೆ ಬಿಟ್ಟ ಮೇಲೆ ಅಂಗಳಕ್ಕೆ ಇಳಿದು ತಂಡವನ್ನು ತಯಾರು ಮಾಡುತ್ತಾರೆ. ಹೀಗೆ ಬಾಳಿದವರಲ್ಲಿ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತಿರುವವರು ಮಾರ್ಗನ್ ವುಟನ್. ಅವರ ಬಗ್ಗೆ ಕನ್ನಡದಲ್ಲಿ ನಾಲ್ಕು ಮಾತು ಆಡಬೇಕೆಂಬ ಆಸೆಯಿಂದ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ವುಟನ್ ಹುಟ್ಟಿದ್ದು 1931ರ ಏಪ್ರಿಲ್ 21ರಂದು, ಉತ್ತರ ಕೆರೊಲೈನಾ ರಾಜ್ಯದ ಡರಮ್ ಎಂಬ ಊರಿನಲ್ಲಿ. ಬೆಳೆದದ್ದು ವಾಷಿಂಗ್ಟನ್ ನಗರಕ್ಕೆ ತಾಗಿಕೊಂಡಿರುವ ಮೇರಿಲ್ಯಾಂಡ್ ರಾಜ್ಯದಲ್ಲಿ. ಇನ್ನೂ ಓದುತ್ತಿದ್ದಾಗಲೇ, 1951ರಲ್ಲಿ, ವಾಷಿಂಗ್ಟನ್ನಿನ ಸೇಂಟ್ ಜೋಸೆಫ್ಸ್ ಎಂಬ ಅನಾಥಾಲಯದ ಹುಡುಗರಿಗೆ ಆಟ ಕಲಿಸುವ ಕೆಲಸ ಅವರ ಪಾಲಿಗೆ ಬಂತು. ಅಲ್ಲಿ ಅವರು ಕಟ್ಟಿದ ಮೊದಲ ಬೇಸ್‌ಬಾಲ್ ತಂಡ ಆಡಿದ 16 ಪಂದ್ಯಗಳಲ್ಲಿ ಹದಿನಾರನ್ನೂ ಸೋತಿತು. ಮುಂದೆ ಇಡೀ ದೇಶದಲ್ಲಿ ಅತಿ ಹೆಚ್ಚು ಗೆದ್ದ ಪ್ರೌಢಶಾಲಾ ಕೋಚ್‌ಗಳ ಸಾಲಿಗೆ ಸೇರಿದ ಮನುಷ್ಯನ ಮೊದಲ ಲೆಕ್ಕ ಇದು. ಅವರ ಗೆಲುವುಗಳಿಗಿಂತ ಹೆಚ್ಚಾಗಿ ಈ ಹದಿನಾರು ಸೋಲುಗಳೇ ನನ್ನನ್ನು ಅವರ ಕಡೆಗೆ ಸೆಳೆದವು. ಅಪ್ಪ ಅಮ್ಮ ಇಲ್ಲದ ಮಕ್ಕಳು ದಿನವೂ ಸೋತು ಬಂದಾಗ, ಮರುದಿನ ಅವರನ್ನು ಮತ್ತೆ ಮೈದಾನಕ್ಕೆ ಕರೆದುಕೊಂಡು ಹೋಗಲು ಬೇಕಾದದ್ದು ಆಟದ ಜ್ಞಾನವೊಂದೇ ಅಲ್ಲವಷ್ಟೆ.

ಅನಂತರ ವಾಷಿಂಗ್ಟನ್ನಿನ ಸೇಂಟ್ ಜಾನ್ಸ್ ಶಾಲೆಯಲ್ಲಿ ಜೋ ಗ್ಯಾಲಹರ್ ಎಂಬ ಹಿರಿಯ ಕೋಚ್‌ನ ಕೈಕೆಳಗೆ ಪಳಗಿ, ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿ, 1956ರಲ್ಲಿ ಹಯಾಟ್ಸ್‌ವಿಲ್ ಪಟ್ಟಣದ ಡಿಮಾಥಾ ಕ್ಯಾಥೊಲಿಕ್ ಪ್ರೌಢಶಾಲೆಗೆ ಬಂದರು. ಆಗ ಆ ಶಾಲೆಗೆ ಹತ್ತು ವರ್ಷ, ವುಟನ್‌ರಿಗೆ ಇಪ್ಪತ್ತೈದು. ಟ್ರಿನಿಟೇರಿಯನ್ ಪಂಥದ ಪಾದ್ರಿಗಳು 1946ರಲ್ಲಿ ಗಂಡುಮಕ್ಕಳಿಗಾಗಿ ತೆರೆದ ಶಾಲೆ ಅದು. ಅಲ್ಲಿ ಅವರು ವಿಶ್ವ ಚರಿತ್ರೆಯ ಪಾಠ ಹೇಳಿದರು, ಬ್ಯಾಸ್ಕೆಟ್‌ಬಾಲ್ ತಂಡವನ್ನು ನಡೆಸಿದರು, ಆರಂಭದ ವರ್ಷಗಳಲ್ಲಿ ಅಮೆರಿಕನ್ ಫುಟ್‌ಬಾಲ್ ತಂಡದ ಹೊಣೆಯನ್ನೂ ಹೊತ್ತರು. 2002ರಲ್ಲಿ ನಿವೃತ್ತರಾಗುವವರೆಗೆ, ಅಂದರೆ 46 ಋತುಗಳ ಕಾಲ, ಆ ಒಂದೇ ಶಾಲೆಯಲ್ಲಿ ಉಳಿದರು.

ಲೆಕ್ಕವನ್ನು ಒಮ್ಮೆ ಹೇಳಿ ಮುಂದಕ್ಕೆ ಹೋಗುತ್ತೇನೆ. ಅವರ ಬ್ಯಾಸ್ಕೆಟ್‌ಬಾಲ್ ತಂಡಗಳು 1,274 ಪಂದ್ಯಗಳನ್ನು ಗೆದ್ದು 192ನ್ನು ಸೋತವು. ಐದು ಬಾರಿ ದೇಶದ ಅಗ್ರ ತಂಡವೆಂಬ ಮನ್ನಣೆ ಪಡೆದವು. 2000ದಲ್ಲಿ ವುಟನ್‌ರ ಹೆಸರು ಬ್ಯಾಸ್ಕೆಟ್‌ಬಾಲಿನ ಮಹನೀಯರ ಗೌರವ ಪಟ್ಟಿಯಾದ ನೈಸ್ಮಿತ್ ಹಾಲ್ ಆಫ್ ಫೇಮ್‌ಗೆ ಸೇರಿತು. ಪ್ರೌಢಶಾಲೆಯ ಕೆಲಸದ ಬಲದ ಮೇಲೆಯೇ ಆ ಗೌರವ ಪಡೆದವರು ಬೆರಳೆಣಿಕೆಯಷ್ಟು ಮಂದಿ.

ಆದರೆ ನಾನು ಕೇಳಬಯಸುವ ಪ್ರಶ್ನೆ ಬೇರೆ. ಇಷ್ಟು ಗೆದ್ದ ಮನುಷ್ಯನನ್ನು ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳು ಕರೆದವು. ಹಣ, ಹೆಸರು, ದೂರದರ್ಶನ ಎಲ್ಲವೂ ಅಲ್ಲಿತ್ತು. ಅವರು ಹೋಗಲಿಲ್ಲ. ಹದಿನಾಲ್ಕರಿಂದ ಹದಿನೆಂಟು ವರ್ಷದ ಹುಡುಗರಿಗೆ ಚರಿತ್ರೆಯನ್ನೂ ಆಟವನ್ನೂ ಕಲಿಸುತ್ತ ಒಂದೇ ಕಡೆ ಆಯುಷ್ಯ ಸವೆಸುವುದರಲ್ಲಿ ಅವರು ಕಂಡದ್ದಾದರೂ ಏನು? ಶಿಕ್ಷಕರಾಗಿದ್ದವರೂ ಆಟಗಾರರಾಗಿದ್ದವರೂ ತಮ್ಮ ಅನುಭವದಿಂದ ಉತ್ತರಿಸಿದರೆ ಉಪಕಾರವಾದೀತು.

ಧಾರವಾಡದ ನಿವೃತ್ತ ಶಿಕ್ಷಕಿ

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿದವಳು. ಬ್ಯಾಸ್ಕೆಟ್‌ಬಾಲ್ ನನಗೆ ಗೊತ್ತಿಲ್ಲ. ಆದರೆ ಲೇಖಕರು "ವಿಶ್ವ ಚರಿತ್ರೆಯ ಪಾಠ ಹೇಳಿದರು" ಎಂದು ಒಂದೇ ವಾಕ್ಯದಲ್ಲಿ ದಾಟಿ ಹೋದದ್ದನ್ನು ಕಂಡು, ಅಲ್ಲಿ ಸ್ವಲ್ಪ ನಿಲ್ಲಬೇಕೆನಿಸಿತು.

ವಿಶ್ವ ಚರಿತ್ರೆ ಹದಿಹರೆಯದ ಮಕ್ಕಳಿಗೆ ಹೇಳಲು ಅತ್ಯಂತ ಕಷ್ಟವಾದ ವಿಷಯ. ಕನ್ನಡ ನಾಡಿನ ಚರಿತ್ರೆ ಹೇಳುವಾಗ ಹುಡುಗರನ್ನು ಬಾದಾಮಿಗೆ ಕರೆದುಕೊಂಡು ಹೋಗಬಹುದು, ಊರ ಗುಡಿಯ ಮುಂದಿನ ವೀರಗಲ್ಲನ್ನು ತೋರಿಸಬಹುದು. ಫ್ರಾನ್ಸಿನ ಕ್ರಾಂತಿಯನ್ನೋ ರೋಮಿನ ಪತನವನ್ನೋ ಹೇಳುವಾಗ ತೋರಿಸಲು ಏನೂ ಇರುವುದಿಲ್ಲ. ಇಸವಿಗಳು, ಹೆಸರುಗಳು, ಕಾರಣಗಳು, ಪರಿಣಾಮಗಳು ಎಂದು ಬರೆಸಿ ಕೈತೊಳೆದುಕೊಳ್ಳುವ ಆಸೆ ಯಾವ ಶಿಕ್ಷಕರಿಗೂ ಹುಟ್ಟುತ್ತದೆ. ನಾನೂ ಎಷ್ಟೋ ಸಲ ಹಾಗೆ ಮಾಡಿದ್ದೇನೆ, ಅದಕ್ಕಾಗಿ ಇಂದಿಗೂ ನನಗೆ ಖೇದವಿದೆ.

ಒಂದು ವಿಷಯವನ್ನು ಮಾತ್ರ ನಿಶ್ಚಯವಾಗಿ ಹೇಳಬಲ್ಲೆ. ಒಂದು ಹುಡುಗನನ್ನು ತರಗತಿಯಲ್ಲೊಮ್ಮೆ, ಮೈದಾನದಲ್ಲೊಮ್ಮೆ ದಿನಕ್ಕೆ ಎರಡು ಸಲ ನೋಡುವ ಶಿಕ್ಷಕರಿಗೆ ಆ ಹುಡುಗನ ಬಗ್ಗೆ ನಮಗಿಂತ ಹೆಚ್ಚು ತಿಳಿದಿರುತ್ತದೆ. ನನ್ನ ತರಗತಿಯಲ್ಲಿ ಹಿಂದಿನ ಬೆಂಚಿನ ಮೂಲೆ ಹಿಡಿದು, ಮೂರು ವರ್ಷದಲ್ಲಿ ಒಂದು ಪ್ರಶ್ನೆಗೂ ಬಾಯಿ ತೆರೆಯದ ಒಬ್ಬ ಹುಡುಗನಿದ್ದ. ಒಮ್ಮೆ ತಾಲ್ಲೂಕು ಮಟ್ಟದ ಕಬಡ್ಡಿಗೆ ಹುಡುಗರ ಜೊತೆ ಹೋಗಬೇಕಾಗಿ ಬಂದಾಗ, ಇಡೀ ತಂಡ ಅವನ ಕಣ್ಸನ್ನೆಯಲ್ಲಿ ನಡೆಯುವುದನ್ನು ಕಂಡು ನಾನು ಬೆರಗಾದೆ. ಅವನಿಗೆ ಮಾತು ಬರುತ್ತಿರಲಿಲ್ಲ ಎಂದಲ್ಲ, ನನ್ನ ಕೋಣೆಯಲ್ಲಿ ಅವನ ಮಾತಿಗೆ ಎಡೆ ಇರಲಿಲ್ಲ. ಅವನು ಹತ್ತನೆಯ ತರಗತಿ ಮುಗಿಸಲು ಆಗ ಕೇವಲ ಎರಡು ತಿಂಗಳು ಉಳಿದಿತ್ತು. ಡ್ರಿಲ್ ಮಾಸ್ತರರಿಗೆ ಅದು ಎಂಟನೆಯ ತರಗತಿಯಿಂದಲೂ ಗೊತ್ತಿತ್ತು, ಆದರೆ ಅವರು ನನಗೆ ಹೇಳಲಿಲ್ಲ, ನಾನು ಅವರನ್ನು ಕೇಳಲಿಲ್ಲ.

ವುಟನ್ ಅವರಿಗೆ ಇಂಥ ಇಬ್ಬರು ಶಿಕ್ಷಕರ ನಡುವಿನ ಗೋಡೆಯೇ ಇರಲಿಲ್ಲ. ಅವರು ಶಾಲೆ ಬಿಡದಿದ್ದುದಕ್ಕೆ ನನಗೆ ಕಾಣುವ ಮೊದಲ ಕಾರಣ ಇದು.

ಬೆಂಗಳೂರಿನ ಹಳೆಯ ಆಟಗಾರ

ಮೇಡಂ ಅವರ ಮಾತಿಗೆ ಮೈದಾನದ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ. ವುಟನ್ ಹೆಸರು ಕೇಳಿದ ಕೂಡಲೇ ಬ್ಯಾಸ್ಕೆಟ್‌ಬಾಲ್ ಬಲ್ಲವರಿಗೆ ನೆನಪಾಗುವುದು 1965ರ ಜನವರಿ 30ರ ಪಂದ್ಯ. ಆ ಕಥೆಯನ್ನು ಬಿಡಿಸಿ ಹೇಳದಿದ್ದರೆ ಈ ಚರ್ಚೆ ಪೂರ್ತಿಯಾಗದು.

ನ್ಯೂಯಾರ್ಕ್ ನಗರದ ಪವರ್ ಮೆಮೋರಿಯಲ್ ಎಂಬ ಶಾಲೆಯಲ್ಲಿ ಆಗ ಲ್ಯೂ ಆಲ್ಸಿಂಡರ್ ಎಂಬ ಏಳು ಅಡಿ ದಾಟಿದ ಹುಡುಗನಿದ್ದ. ಮುಂದೆ ಕರೀಮ್ ಅಬ್ದುಲ್-ಜಬ್ಬಾರ್ ಎಂಬ ಹೆಸರಿನಿಂದ ಜಗತ್ತಿಗೆಲ್ಲ ಗೊತ್ತಾದವರು ಇವರೇ. 1964ರಲ್ಲಿ ಡಿಮಾಥಾ ತಂಡ ಇವರ ಎದುರು ಆಡಿ 65-62ರಿಂದ ಸೋತಿತು. ಆಲ್ಸಿಂಡರ್ ಒಬ್ಬರೇ 35 ಅಂಕ ಗಳಿಸಿದ್ದರು. ಮರುವರ್ಷ ಇದೇ ಎರಡು ತಂಡಗಳು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಕೋಲ್ ಫೀಲ್ಡ್ ಹೌಸ್‌ನಲ್ಲಿ ಮತ್ತೆ ಎದುರಾದವು. ಅಷ್ಟು ಹೊತ್ತಿಗೆ ಪವರ್ ಮೆಮೋರಿಯಲ್ ಸತತವಾಗಿ 71 ಪಂದ್ಯಗಳನ್ನು ಗೆದ್ದು ಬಂದಿತ್ತು. ಪ್ರೌಢಶಾಲೆಯ ಮಕ್ಕಳ ಆಟ ನೋಡಲು ಸುಮಾರು ಹನ್ನೆರಡೂವರೆ ಸಾವಿರ ಜನ ಕಿಕ್ಕಿರಿದು ಸೇರಿದ್ದರು.

ಏಳಡಿಯ ಹುಡುಗ ಕೈ ಎತ್ತಿ ನಿಂತರೆ ಬುಟ್ಟಿಯತ್ತ ಎಸೆದ ಚೆಂಡು ಅವನ ಅಂಗೈಗೆ ಬಡಿದು ಹಿಂದಕ್ಕೆ ಬರುತ್ತದೆ. ಅಷ್ಟು ಎತ್ತರದವನನ್ನು ಅಭ್ಯಾಸಕ್ಕೆಂದು ಎಲ್ಲಿಂದ ತರುವುದು? ವುಟನ್ ತಮ್ಮ ಅಭ್ಯಾಸದಲ್ಲಿ ಎದುರು ನಿಂತು ತಡೆಯುವವನ ಕೈಗೆ ಟೆನಿಸ್ ರ‍್ಯಾಕೆಟ್ ಕೊಟ್ಟು ಎತ್ತಿ ಹಿಡಿಯುವಂತೆ ಮಾಡಿದರು. ಆ ರ‍್ಯಾಕೆಟ್ಟಿನ ಮೇಲಿಂದ ಚೆಂಡು ಹಾರಬೇಕಾದರೆ ಹುಡುಗರು ಎಂದಿಗಿಂತ ಎತ್ತರದ ಕಮಾನಿನಲ್ಲಿ ಎಸೆಯಲೇಬೇಕು. ದಿನವೂ ಹಾಗೆ ಎಸೆದು ಎಸೆದು ಕೈ ಪಳಗಿತು. ಪಂದ್ಯದಲ್ಲಿ ಬಾಬ್ ವಿಟ್‌ಮೋರ್ ಮತ್ತು ಸಿಡ್ ಕ್ಯಾಟ್ಲೆಟ್ ಎಂಬಿಬ್ಬರು ಎತ್ತರದ ಹುಡುಗರು ಆಲ್ಸಿಂಡರ್ ಅವರನ್ನು ಮುಂದೆ ಹಿಂದೆ ಸುತ್ತುವರಿದು 16 ಅಂಕಗಳಿಗೆ ಕಟ್ಟಿಹಾಕಿದರು. ಡಿಮಾಥಾ 46-43ರಿಂದ ಗೆದ್ದಿತು.

ನಾನು ಈ ಕಥೆಯನ್ನು ಬಹಳ ವರ್ಷ ರ‍್ಯಾಕೆಟ್ಟಿನ ಉಪಾಯಕ್ಕಾಗಿ ಮೆಚ್ಚಿಕೊಂಡಿದ್ದೆ. ಈಗ ಇಲ್ಲಿ ಚರ್ಚೆ ಓದಿದ ಮೇಲೆ ಬೇರೊಂದು ಕಾಣುತ್ತಿದೆ. ಮೂರು ಅಂಕಗಳಿಂದ ಸೋತ ತಂಡ "ಅದೃಷ್ಟ ಕೈಕೊಟ್ಟಿತು" ಎಂದು ಸುಮ್ಮನಾಗುವುದು ಸುಲಭ. ವುಟನ್ ಸುಮ್ಮನಾಗಲಿಲ್ಲ. ಸೋಲನ್ನು ಒಂದು ಶಾಸನದಂತೆ ಎದುರಿಗಿಟ್ಟುಕೊಂಡು, ಏನಾಯಿತು, ಯಾಕಾಯಿತು, ಯಾವುದು ಬದಲಾಯಿಸಲು ಬಾರದ್ದು, ಯಾವುದು ನಮ್ಮ ಕೈಯಲ್ಲಿರುವುದು ಎಂದು ಬಿಡಿಸಿ ಓದಿದರು. ಎದುರಾಳಿಯ ಎತ್ತರ ಅವರ ಕೈಯಲ್ಲಿರಲಿಲ್ಲ, ಚೆಂಡು ಹಾರುವ ಎತ್ತರ ಇತ್ತು. ಇದು ಚರಿತ್ರೆ ಓದಿದವನ ಬುದ್ಧಿ ಎಂದು ನನಗೆ ಅನಿಸುತ್ತದೆ. ಇದು ನನ್ನ ಊಹೆ, ಅವರು ಹಾಗೆ ಹೇಳಿಕೊಂಡಿದ್ದರು ಎಂದು ನಾನು ಹೇಳುತ್ತಿಲ್ಲ.

ಹಾಸನ ಜಿಲ್ಲೆಯ ಸಮಾಜ ವಿಜ್ಞಾನ ಶಿಕ್ಷಕ

ಎಲ್ಲರ ಮಾತನ್ನೂ ಗೌರವದಿಂದ ಓದಿದೆ. ಆದರೂ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ.

ಡಿಮಾಥಾ ಶುಲ್ಕ ಕೊಟ್ಟು ಓದುವ ಖಾಸಗಿ ಶಾಲೆ. ಒಂದು ದೊಡ್ಡ ಮಹಾನಗರದ ಸುತ್ತಲಿನ ಯಾವ ಬಡಾವಣೆಯಿಂದ ಬೇಕಾದರೂ ಹುಡುಗರು ಅಲ್ಲಿಗೆ ಬಂದು ಸೇರಬಹುದು. ತಂಡ ಗೆಲ್ಲತೊಡಗಿದಂತೆ ಒಳ್ಳೆಯ ಆಟಗಾರರು ತಾವಾಗಿಯೇ ಹುಡುಕಿಕೊಂಡು ಬರುತ್ತಾರೆ, ಅವರು ಬಂದಂತೆ ತಂಡ ಮತ್ತಷ್ಟು ಗೆಲ್ಲುತ್ತದೆ. ನಮ್ಮ ಸರ್ಕಾರಿ ಪ್ರೌಢಶಾಲೆಗೆ ಬರುವವರು ಸುತ್ತಲಿನ ಐದಾರು ಹಳ್ಳಿಗಳ ಮಕ್ಕಳು ಮಾತ್ರ. ಅವರಲ್ಲಿ ಎಷ್ಟು ಮಂದಿ ಓಡಬಲ್ಲರೋ ಅಷ್ಟರಲ್ಲೇ ತಂಡ ಕಟ್ಟಬೇಕು. ಹೀಗಾಗಿ 1,274 ಎಂಬ ಸಂಖ್ಯೆಯನ್ನು ಕಂಡು ನಾವು ಮಾರುಹೋಗುವುದು ಸರಿಯಲ್ಲ.

ಎರಡನೆಯದು ನನ್ನ ಸ್ವಂತ ಸಂಕಟ. ನಮ್ಮ ಶಾಲೆಯಲ್ಲಿ ದೈಹಿಕ ಶಿಕ್ಷಕರ ಹುದ್ದೆ ಖಾಲಿ ಇದ್ದ ಎರಡು ವರ್ಷ ಆಟದ ಹೊಣೆಯೂ ನನ್ನ ಮೇಲೆ ಬಿತ್ತು. ಸಮಾಜ ವಿಜ್ಞಾನ ಎಂದರೆ ನಮ್ಮಲ್ಲಿ ಚರಿತ್ರೆ ಒಂದೇ ಅಲ್ಲ. ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಲ್ಲವೂ ಒಬ್ಬರ ತಲೆಯ ಮೇಲೆಯೇ. ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಮಕ್ಕಳನ್ನು ಕರೆದುಕೊಂಡು ಹೋದ ವಾರ ಎಂಟನೆಯ ತರಗತಿಯ ಪಾಠ ಹಿಂದೆ ಬಿತ್ತು, ತಾಲ್ಲೂಕು ಮಟ್ಟಕ್ಕೆ ಹೋದ ವಾರ ಹತ್ತನೆಯ ತರಗತಿಯದು ಹಿಂದೆ ಬಿತ್ತು. ಕೊನೆಗೆ ಶನಿವಾರ ಭಾನುವಾರ ವಿಶೇಷ ತರಗತಿ ಮಾಡಿ, ಪರೀಕ್ಷೆಗೆ ಮುನ್ನ ನಕ್ಷೆ ಬಿಡಿಸುವುದನ್ನು ರಾತ್ರಿ ಕುಳಿತು ತಿದ್ದಿ ಹೇಗೋ ಮುಗಿಸಿದೆ. ಎರಡೂ ಕೆಲಸ ಅರ್ಧರ್ಧವಾಯಿತೇ ಹೊರತು ಒಂದೂ ಪೂರ್ಣವಾಗಲಿಲ್ಲ. ಒಬ್ಬನೇ ಮನುಷ್ಯ ಎರಡನ್ನೂ ಮಾಡುವುದು ಶ್ಲಾಘನೀಯ ಎಂದು ಹಾಡಿ ಹೊಗಳುವ ಮುನ್ನ, ಆ ಹೊಗಳಿಕೆಯೇ ಖಾಲಿ ಹುದ್ದೆಗಳನ್ನು ತುಂಬದಿರಲು ನೆಪವಾಗದಂತೆ ನೋಡಿಕೊಳ್ಳಬೇಕು.

ಮೇರಿಲ್ಯಾಂಡಿನಲ್ಲಿ ನೆಲೆಸಿರುವ ಕನ್ನಡತಿ

ಹಾಸನದ ಗುರುಗಳು ಎತ್ತಿದ ಆತಂಕ ಇಲ್ಲಿಯ ಜನರಿಗೂ ಹೊಸದಲ್ಲ. "ನಮ್ಮ ಚರಿತ್ರೆಯ ಮೇಷ್ಟ್ರು ನಿಜವಾಗಿ ಕೋಚ್, ತರಗತಿಯಲ್ಲಿ ಸಿನಿಮಾ ಹಾಕಿ ತಾವು ಮುಂದಿನ ಪಂದ್ಯದ ಚಿತ್ರ ಬಿಡಿಸುತ್ತ ಕುಳಿತಿರುತ್ತಾರೆ" ಎಂಬ ದೂರು ಅಮೆರಿಕದ ಉದ್ದಗಲಕ್ಕೂ ಕೇಳಿಬರುತ್ತದೆ. ಕೋಚ್ ಬೇಕೆಂದು ಮೊದಲು ನಿರ್ಧರಿಸಿ, ಅವರಿಗೆ ಸಂಬಳ ಕೊಡಲು ಒಂದು ವಿಷಯ ಬೇಕಲ್ಲ ಎಂದು ಚರಿತ್ರೆಯನ್ನು ಹಚ್ಚುವ ಶಾಲೆಗಳೂ ಇವೆ ಎಂದು ಪೋಷಕರು ಬೇಸರದಿಂದ ಹೇಳುವುದನ್ನು ನಾನೇ ಕೇಳಿದ್ದೇನೆ. ಚರಿತ್ರೆಯನ್ನು ಯಾರು ಬೇಕಾದರೂ ಹೇಳಬಹುದು ಎಂಬ ತಾತ್ಸಾರ ಅದರ ಹಿಂದೆ ಅಡಗಿದೆ. ಆದ್ದರಿಂದಲೇ ವುಟನ್ ಅವರಂಥವರ ಬದುಕನ್ನು ಎತ್ತಿ ಹೇಳುವುದು ಅಗತ್ಯ ಎಂಬುದು ನನ್ನ ಅಭಿಪ್ರಾಯ. ಅವರು ತಮ್ಮ ಆಟಗಾರರ ಮುಂದೆ ಇಟ್ಟ ಆದ್ಯತೆಯ ಕ್ರಮ ಪ್ರಸಿದ್ಧವಾದುದು: ಮೊದಲು ದೇವರು, ಅನಂತರ ಕುಟುಂಬ, ಮೂರನೆಯದು ಶಾಲೆ, ನಾಲ್ಕನೆಯದು ಬ್ಯಾಸ್ಕೆಟ್‌ಬಾಲ್. ಆಟವನ್ನು ಕೊನೆಯಲ್ಲಿ ಇಟ್ಟ ಕೋಚ್ ಅವರು.

ಸ್ಥಳದ ಬಗ್ಗೆಯೂ ಸ್ವಲ್ಪ ಹೇಳುತ್ತೇನೆ. ಹಯಾಟ್ಸ್‌ವಿಲ್ ವಾಷಿಂಗ್ಟನ್ ನಗರದ ಈಶಾನ್ಯದ ಅಂಚಿಗೆ ಬಹಳ ಹತ್ತಿರದ ಊರು. ಪಕ್ಕದಲ್ಲೇ ಮೇರಿಲ್ಯಾಂಡ್ ವಿಶ್ವವಿದ್ಯಾಲಯವಿರುವ ಕಾಲೇಜ್ ಪಾರ್ಕ್. ವುಟನ್ ಓದಿದ್ದು, ಕಲಿಸಿದ್ದು, ಆಲ್ಸಿಂಡರ್ ತಂಡವನ್ನು ಸೋಲಿಸಿದ್ದು, ಕೊನೆಗೆ 2020ರ ಜನವರಿ 21ರಂದು ತಮ್ಮ 88ನೆಯ ವಯಸ್ಸಿನಲ್ಲಿ ತೀರಿಕೊಂಡದ್ದು ಎಲ್ಲವೂ ಕೆಲವೇ ಮೈಲಿಗಳ ಸುತ್ತಳತೆಯಲ್ಲಿ. ಒಂದು ಊರಿನ ನೀರು ಕುಡಿದು ಆ ಊರಿನವನೇ ಆಗಿಬಿಡುವುದು ಎನ್ನುತ್ತೇವಲ್ಲ, ಹಾಗೆ.

ಅವರು ಪಾಠ ಹೇಳುತ್ತಿದ್ದ ಕಾಲವನ್ನೂ ನೆನೆಯಬೇಕು. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 1954ರಲ್ಲಿ. ಅವರು ಡಿಮಾಥಾಕ್ಕೆ ಬಂದದ್ದು ಅದಾಗಿ ಎರಡೇ ವರ್ಷಕ್ಕೆ. ಮಾರ್ಟಿನ್ ಲೂಥರ್ ಕಿಂಗ್ ಲಕ್ಷಾಂತರ ಜನರ ಮುಂದೆ ಮಾತನಾಡಿದ 1963ರ ಮೆರವಣಿಗೆ ನಡೆದದ್ದು ಇದೇ ವಾಷಿಂಗ್ಟನ್ನಿನಲ್ಲಿ. 1968ರ ಏಪ್ರಿಲ್‌ನಲ್ಲಿ ಅವರ ಹತ್ಯೆಯಾದಾಗ ಬೆಂಕಿ ಹೊತ್ತಿ ಉರಿದ ಬೀದಿಗಳೂ ಈ ನಗರದವೇ. ಹೊರಗೆ ಇಷ್ಟೆಲ್ಲ ಆಗುತ್ತಿದ್ದ ವರ್ಷಗಳಲ್ಲಿ ಕಪ್ಪು ವರ್ಣದ ಮತ್ತು ಬಿಳಿ ವರ್ಣದ ಹುಡುಗರು ಒಂದೇ ತಂಡದಲ್ಲಿ ಒಬ್ಬರಿಗೊಬ್ಬರು ಚೆಂಡು ದಾಟಿಸುತ್ತಿದ್ದರು. ಧಾರವಾಡದ ಮೇಡಂ ಅವರು ವಿಶ್ವ ಚರಿತ್ರೆ ಹೇಳುವಾಗ ತೋರಿಸಲು ಏನೂ ಇರುವುದಿಲ್ಲ ಎಂದರು. ವುಟನ್ ಅವರ ತರಗತಿಗೆ ಆ ಕಷ್ಟ ಇರಲಿಲ್ಲವೇನೋ. ಚರಿತ್ರೆ ಅವರ ಶಾಲೆಯ ಬಾಗಿಲಿನವರೆಗೆ ನಡೆದು ಬಂದಿತ್ತು.

ಮೈಸೂರಿನ ಓದುಗ

ಎಲ್ಲರಿಗೂ ವಂದನೆಗಳು. ಹಾಸನದ ಗುರುಗಳ ಮೊದಲ ಆಕ್ಷೇಪಣೆಯನ್ನು ನಾನು ಒಪ್ಪುತ್ತೇನೆ. ಗೆಲುವಿನ ಸಂಖ್ಯೆಯನ್ನು ಅಳತೆಗೋಲು ಮಾಡಿಕೊಂಡರೆ ಅನ್ಯಾಯವಾಗುತ್ತದೆ. ಬೇರೆ ಒಂದು ಅಳತೆಯನ್ನು ಮುಂದಿಡುತ್ತೇನೆ. ಸುಮಾರು ಮೂವತ್ತು ವರ್ಷ ಎಡೆಬಿಡದೆ ವುಟನ್ ತಂಡದ ಕೊನೆಯ ವರ್ಷದ ಪ್ರತಿಯೊಬ್ಬ ಹುಡುಗನಿಗೂ ಯಾವುದಾದರೊಂದು ಕಾಲೇಜಿನಲ್ಲಿ ವಿದ್ಯಾರ್ಥಿವೇತನ ದೊರೆಯಿತು. ಪಂದ್ಯದಲ್ಲಿ ಮೊದಲ ಐವರಾಗಿ ಇಳಿದವರಿಗೆ ಮಾತ್ರವಲ್ಲ, ಬೆಂಚಿನ ಮೇಲೆ ಕುಳಿತು ಎದ್ದು ಬಂದವರಿಗೂ ಸಿಕ್ಕಿತು. ಅಮೆರಿಕದಲ್ಲಿ ಕಾಲೇಜಿನ ವೆಚ್ಚ ಎಷ್ಟೆಂದು ಬಲ್ಲವರಿಗೆ, ಒಂದು ಸಾಮಾನ್ಯ ಮನೆಗೆ ಇದರ ಬೆಲೆ ಏನೆಂದು ಹೇಳಬೇಕಾಗಿಲ್ಲ. ನನ್ನ ಮಟ್ಟಿಗೆ 1,274ಕ್ಕಿಂತ ಇದು ದೊಡ್ಡದು.

ಅವರ ಕೈಯಲ್ಲಿ ಬೆಳೆದವರಲ್ಲಿ ಏಡ್ರಿಯನ್ ಡ್ಯಾಂಟ್ಲಿ, ಡ್ಯಾನಿ ಫೆರಿ ಮುಂತಾದವರು ವೃತ್ತಿಪರ ಆಟಗಾರರಾದರು. ಜೇಮ್ಸ್ ಬ್ರೌನ್ ಎಂಬವರು ಹಾರ್ವರ್ಡ್‌ನಲ್ಲಿ ಓದಿ, ಆಟ ಬಿಟ್ಟು, ಅಮೆರಿಕದ ಮನೆಮಾತಾದ ದೂರದರ್ಶನ ನಿರೂಪಕರಾದರು. ಎಲ್ಲರೂ ಆಟದಲ್ಲೇ ಉಳಿಯಬೇಕೆಂಬ ಹಟ ಆ ತಂಡದಲ್ಲಿ ಇದ್ದಂತೆ ಕಾಣುವುದಿಲ್ಲ.

ಇನ್ನು ನನ್ನ ಮೂಲ ಪ್ರಶ್ನೆಗೆ ಬರುತ್ತೇನೆ. 1980ರಲ್ಲಿ ಉತ್ತರ ಕೆರೊಲೈನಾ ಸ್ಟೇಟ್ ವಿಶ್ವವಿದ್ಯಾಲಯ ತನ್ನ ತಂಡದ ಕೋಚ್ ಹುದ್ದೆಗೆ ವುಟನ್ ಅವರನ್ನು ಬಯಸಿತು. ಅವರು ಹುಟ್ಟಿದ ರಾಜ್ಯ ಅದು, ಬ್ಯಾಸ್ಕೆಟ್‌ಬಾಲನ್ನು ಹಬ್ಬದಂತೆ ಆಚರಿಸುವ ನಾಡು. ಅವರಿಗೆ ಆಗ ಐವತ್ತರ ಹತ್ತಿರದ ವಯಸ್ಸು. ಇಂಥ ಅವಕಾಶ ಆ ವಯಸ್ಸಿನಲ್ಲಿ ಮತ್ತೆ ಬರುವುದು ಅಪರೂಪ. ಅವರು ಒಲ್ಲೆನೆಂದರು. ಆ ಸ್ಥಾನಕ್ಕೆ ಜಿಮ್ ವಾಲ್ವಾನೊ ಬಂದರು, ಮೂರೇ ವರ್ಷದಲ್ಲಿ, 1983ರ ಏಪ್ರಿಲ್‌ನಲ್ಲಿ, ಆ ತಂಡ ಬಲಿಷ್ಠವಾದ ಹ್ಯೂಸ್ಟನ್ ತಂಡವನ್ನು 54-52ರಿಂದ ಕೊನೆಯ ಕ್ಷಣದಲ್ಲಿ ಸೋಲಿಸಿ ರಾಷ್ಟ್ರದ ಕಾಲೇಜು ಚಾಂಪಿಯನ್ ಆಯಿತು. ಇದನ್ನು ಓದಿದವರು "ಅಯ್ಯೋ, ವುಟನ್ ಕೈಯಿಂದ ಕಿರೀಟ ತಪ್ಪಿತಲ್ಲ" ಎಂದುಕೊಳ್ಳಬಹುದು. ಆದರೆ ಆ ತಂಡದಲ್ಲಿ ಚೆಂಡನ್ನು ನಡೆಸಿದ ಸಿಡ್ನಿ ಲೋ, ಕೊನೆಯ ಕ್ಷಣದಲ್ಲಿ ದೂರದಿಂದ ಚೆಂಡು ಎಸೆದ ಡೆರೆಕ್ ವಿಟೆನ್‌ಬರ್ಗ್, ಇಬ್ಬರೂ ಡಿಮಾಥಾದ ಹುಡುಗರು. ಬುಟ್ಟಿಗೆ ತಲುಪದೆ ಇಳಿಯುತ್ತಿದ್ದ ಆ ಚೆಂಡನ್ನು ಲೊರೆಂಜೊ ಚಾರ್ಲ್ಸ್ ಹಿಡಿದು ಒಳಗೆ ಹಾಕಿದರು. ಮೇಷ್ಟ್ರು ಹೋಗದಿದ್ದರೂ ಅವರ ಪಾಠ ಅಲ್ಲಿಗೆ ಹೋಗಿ ಮುಟ್ಟಿತ್ತು.

ಪ್ರೌಢಶಾಲೆಯ ಕೋಚ್‌ಗೆ ದೊಡ್ಡ ವಿಶ್ವವಿದ್ಯಾಲಯದ ದಾರಿ ಮುಚ್ಚಿತ್ತು ಎಂದೂ ಅಲ್ಲ. 1986ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯವೇ ಬಾಲ್ಟಿಮೋರ್‌ನ ಡನ್‌ಬಾರ್ ಪ್ರೌಢಶಾಲೆಯಿಂದ ಬಾಬ್ ವೇಡ್ ಅವರನ್ನು ಕರೆಸಿಕೊಂಡಿತು. ಸಾಧ್ಯವಿದ್ದ ದಾರಿಯಲ್ಲಿ ನಡೆಯದಿರುವುದಕ್ಕೂ, ಇಲ್ಲದ ದಾರಿಗಾಗಿ ಹಂಬಲಿಸದಿರುವುದಕ್ಕೂ ಬಹಳ ಅಂತರವಿದೆ.

ನನಗೆ ತೋಚುವ ಉತ್ತರ ಇಷ್ಟು. ಕಾಲೇಜಿನ ಕೋಚ್ ಪಾಠ ಹೇಳುವುದಿಲ್ಲ. ಊರೂರು ಸುತ್ತಿ ಹುಡುಗರನ್ನು ಒಲಿಸಿ ಕರೆತರುತ್ತಾರೆ, ಪಂದ್ಯ ಗೆಲ್ಲುತ್ತಾರೆ, ಗೆಲ್ಲದಿದ್ದರೆ ಕೆಲಸ ಕಳೆದುಕೊಳ್ಳುತ್ತಾರೆ. ವುಟನ್ ಅಲ್ಲಿಗೆ ಹೋಗಿದ್ದರೆ ಒಂದು ಕೆಲಸವನ್ನು ಉಳಿಸಿಕೊಂಡು ಇನ್ನೊಂದನ್ನು ಬಿಟ್ಟುಕೊಡಬೇಕಾಗುತ್ತಿತ್ತು. ಅವರ ಪಾಲಿಗೆ ಅವು ಎರಡು ಕೆಲಸಗಳಾಗಿರಲಿಲ್ಲ ಎಂದು ನಾನು ನಂಬುತ್ತೇನೆ.

ಬೆಂಗಳೂರಿನ ಹಳೆಯ ಆಟಗಾರ

ಒಂದು ಸಂಗತಿಯನ್ನು ಸೇರಿಸಲು ಮರೆತಿದ್ದೆ. 1996ರಲ್ಲಿ ವುಟನ್ ಅವರ ಯಕೃತ್ತು ಕೆಟ್ಟು ಪ್ರಾಣಕ್ಕೇ ಅಪಾಯ ಬಂದಿತ್ತು. ದಾನಿಯೊಬ್ಬರ ಯಕೃತ್ತನ್ನು ಕಸಿ ಮಾಡಿ ಉಳಿಸಿದರು. ಅವರಿಗೆ ಆಗ 65 ವರ್ಷ. ವಿಶ್ರಾಂತಿ ಪಡೆಯಿರಿ ಎಂದು ಯಾರಾದರೂ ಹೇಳುವ ವಯಸ್ಸು, ಹೇಳುವ ಸ್ಥಿತಿ. ಅವರು ಚೇತರಿಸಿಕೊಂಡು ಮತ್ತೆ ತಂಡದ ಮುಂದೆ ನಿಂತರು, ಇನ್ನೂ ಆರು ವರ್ಷ ಕೆಲಸ ಮಾಡಿದರು. ನನಗೂ ಒಂದು ದೊಡ್ಡ ಶಸ್ತ್ರಚಿಕಿತ್ಸೆಯಾಗಿದೆ. ಆ ಮೇಲೆ ಮೆಟ್ಟಿಲು ಹತ್ತುವುದಕ್ಕೂ ಎಷ್ಟು ಧೈರ್ಯ ಬೇಕೆಂದು ಬಲ್ಲೆ. ಹಾಗಾಗಿ ಈ ಆರು ವರ್ಷಗಳು ನನಗೆ ಹಿಂದಿನ ನಲವತ್ತಕ್ಕಿಂತ ಹೆಚ್ಚು ತೂಗುತ್ತವೆ.

ಇನ್ನೊಂದು ಮಾತು. ಯುಸಿಎಲ್‌ಎ ವಿಶ್ವವಿದ್ಯಾಲಯಕ್ಕೆ ಹತ್ತು ರಾಷ್ಟ್ರೀಯ ಪ್ರಶಸ್ತಿಗಳನ್ನು ತಂದುಕೊಟ್ಟ ಜಾನ್ ವುಡನ್ ಅವರೂ ಮೊದಲು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದವರು. ಯಾವ ಹಂತದಲ್ಲೇ ಆಗಲಿ ವುಟನ್‌ಗಿಂತ ಉತ್ತಮ ಕೋಚ್‌ನನ್ನು ತಾವು ಕಂಡಿಲ್ಲ ಎಂಬರ್ಥದ ಮಾತನ್ನು ಅವರು ಆಡಿದ್ದರು. ಒಬ್ಬ ಮೇಷ್ಟ್ರನ್ನು ಇನ್ನೊಬ್ಬ ಮೇಷ್ಟ್ರು ಗುರುತಿಸಿದ ರೀತಿ ಅದು.

ಧಾರವಾಡದ ನಿವೃತ್ತ ಶಿಕ್ಷಕಿ

ಹಾಸನದ ತಮ್ಮನವರಿಗೆ ಎರಡು ಮಾತು ಹೇಳಬೇಕು. ವಯಸ್ಸಿನಲ್ಲಿ ಹಿರಿಯಳೆಂಬ ಸಲುಗೆಯಿಂದ ತಮ್ಮ ಎನ್ನುತ್ತಿದ್ದೇನೆ, ತಪ್ಪು ತಿಳಿಯಬಾರದು. ನೀವು ಆ ಎರಡು ವರ್ಷ ಅರ್ಧರ್ಧ ಕೆಲಸ ಮಾಡಿದೆನೆಂದು ನೊಂದುಕೊಂಡಿರಿ. ಖಾಲಿ ಹುದ್ದೆ ತುಂಬಬೇಕೆಂಬ ನಿಮ್ಮ ಮಾತು ನೂರಕ್ಕೆ ನೂರು ಸರಿ. ಅದಕ್ಕೆ ನಾನೂ ದನಿಗೂಡಿಸುತ್ತೇನೆ. ಆದರೆ ಪಾಠ ಹಿಂದೆ ಬಿದ್ದುದರ ಲೆಕ್ಕವನ್ನು ಮಾತ್ರ ನೀವು ಇಟ್ಟಿದ್ದೀರಿ. ಆ ಎರಡು ವರ್ಷದಲ್ಲಿ ಯಾವ ಮಗುವಿನ ಪರಿಚಯ ನಿಮಗೆ ಹೊಸದಾಗಿ ಆಯಿತು, ಯಾವ ಮಗು ಅನಂತರ ತರಗತಿಯಲ್ಲಿ ಬಾಯಿ ತೆರೆಯಿತು ಎಂಬ ಲೆಕ್ಕವನ್ನೂ ದಯವಿಟ್ಟು ಒಮ್ಮೆ ಹಾಕಿ ನೋಡಿ. ನಾನು ಮೂವತ್ತು ವರ್ಷ ಮೈದಾನದ ಕಡೆ ತಲೆ ಹಾಕದೆ ಪಾಠವನ್ನು ವೇಳೆಗೆ ಸರಿಯಾಗಿ ಮುಗಿಸಿದವಳು. ನನ್ನ ಆ ಹಿಂದಿನ ಬೆಂಚಿನ ಹುಡುಗ ಹೋದದ್ದು ಹೋದ.

ಹಾಸನ ಜಿಲ್ಲೆಯ ಸಮಾಜ ವಿಜ್ಞಾನ ಶಿಕ್ಷಕ

ಅಕ್ಕನವರ ಮಾತು ಮನಸ್ಸಿಗೆ ನಾಟಿತು. ಉತ್ತರಿಸಲು ಎರಡು ದಿನ ತಡಮಾಡಿದ್ದಕ್ಕೆ ಕಾರಣ, ಅವರು ಹೇಳಿದ ಲೆಕ್ಕವನ್ನು ನಿಜವಾಗಿಯೂ ಹಾಕಿ ನೋಡುತ್ತಿದ್ದೆ. ಹಳೆಯ ಹಾಜರಿ ಪುಸ್ತಕದ ಹೆಸರುಗಳನ್ನು ನೆನಪಿಸಿಕೊಂಡಾಗ, ಆ ಎರಡು ವರ್ಷದ ಮಕ್ಕಳ ಮುಖಗಳು ಇತರ ವರ್ಷಗಳ ಮಕ್ಕಳ ಮುಖಗಳಿಗಿಂತ ಸ್ಪಷ್ಟವಾಗಿ ಕಣ್ಣ ಮುಂದೆ ಬಂದವು. ಯಾರ ಮನೆಯಲ್ಲಿ ಹಸು ಕರೆಯಲು ಬೇರೆ ಯಾರೂ ಇರಲಿಲ್ಲ, ಯಾರು ಬೂಟು ಕೇಳಲು ನಾಚಿಕೊಂಡು ಬರಿಗಾಲಿನಲ್ಲೇ ಓಡುತ್ತಿದ್ದರು ಎಂಬುದೆಲ್ಲ ನೆನಪಿದೆ. ಬೇರೆ ವರ್ಷದ ಮಕ್ಕಳ ಅಂಕಗಳು ಮಾತ್ರ ನೆನಪಿವೆ. ನನ್ನ ಅಭಿಪ್ರಾಯ ಪೂರ್ತಿ ಬದಲಾಯಿತೆಂದು ಹೇಳಲಾರೆ. ಹುದ್ದೆ ಖಾಲಿ ಬಿಡುವುದು ತಪ್ಪೇ. ಈಗ ನಮ್ಮ ಶಾಲೆಗೆ ಒಳ್ಳೆಯ ದೈಹಿಕ ಶಿಕ್ಷಕರು ಬಂದಿದ್ದಾರೆ, ನಾನು ಮತ್ತೆ ಸೀಮೆಸುಣ್ಣಕ್ಕೆ ಮರಳಿದ್ದೇನೆ.

ಒಂದು ಪ್ರಶ್ನೆ ಉಳಿದಿದೆ. ವುಟನ್ ಹೋದ ಮೇಲೆ ಆ ಶಾಲೆಯ ತಂಡವನ್ನು ಯಾರು ನಡೆಸಿದರು? ಒಬ್ಬರ ಮೇಲೆಯೇ ನಿಂತ ಸಂಸ್ಥೆ ಅವರ ನಂತರ ಕುಸಿಯುವುದನ್ನು ನಾವು ನೋಡಿದ್ದೇವೆ.

ಮೈಸೂರಿನ ಓದುಗ

ಅವರ ಬಳಿಯೇ ಡಿಮಾಥಾದಲ್ಲಿ ಆಡಿ ಬೆಳೆದ ಮೈಕ್ ಜೋನ್ಸ್ 2002ರಲ್ಲಿ ತಂಡದ ಹೊಣೆ ಹೊತ್ತು ಸುಮಾರು ಎರಡು ದಶಕ ನಡೆಸಿದರು, ತಂಡ ದೇಶದ ಮುಂಚೂಣಿಯಲ್ಲೇ ಉಳಿಯಿತು. ವುಟನ್‌ರ ಮಗ ಜೋ ವುಟನ್ ವರ್ಜೀನಿಯಾ ರಾಜ್ಯದ ಬಿಷಪ್ ಒ'ಕಾನಲ್ ಪ್ರೌಢಶಾಲೆಯ ಕೋಚ್ ಆದರು. ಆ ಶಾಲೆಯೂ ಡಿಮಾಥಾವೂ ಒಂದೇ ಲೀಗ್‌ನವು. ಹೀಗಾಗಿ ತಂದೆಯ ಕೊನೆಯ ಕೆಲವು ಋತುಗಳಲ್ಲಿ ಮಗ ಎದುರಾಳಿಯ ಬೆಂಚಿನಲ್ಲಿದ್ದರು.

ಹಾಸನ ಜಿಲ್ಲೆಯ ಸಮಾಜ ವಿಜ್ಞಾನ ಶಿಕ್ಷಕ

ತಿಳಿಸಿದ್ದಕ್ಕೆ ಧನ್ಯವಾದಗಳು. ಮುಂದಿನ ವಾರ ನಮ್ಮ ಹೋಬಳಿ ಮಟ್ಟದ ಕ್ರೀಡಾಕೂಟವಿದೆ. ಹೆಣ್ಣುಮಕ್ಕಳ ಖೋ-ಖೋ ತಂಡ ಕಳೆದ ವರ್ಷ ಒಂದೇ ಅಂಕದಿಂದ ಸೋತಿತ್ತು. ನಿನ್ನೆ ದೈಹಿಕ ಶಿಕ್ಷಕರ ಅನುಮತಿ ಪಡೆದು, ಸಂಜೆ ಆ ಮಕ್ಕಳನ್ನು ನನ್ನ ತರಗತಿಯಲ್ಲಿ ಕೂರಿಸಿ, ಕಳೆದ ವರ್ಷದ ಸೋಲು ಯಾವ ಕ್ಷಣದಲ್ಲಿ, ಯಾವ ಕಾರಣಕ್ಕೆ ಆಯಿತೆಂದು ಅವರಿಂದಲೇ ಕರಿಹಲಗೆಯ ಮೇಲೆ ಬರೆಸಿದೆ. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಎದ್ದು ಬಂದು, ಕಂಬದ ಬಳಿ ಓಡುವವಳು ತಿರುಗಿದ ದಿಕ್ಕನ್ನು ಗೆರೆ ಎಳೆದು ತೋರಿಸಿದಳು. ತರಗತಿಯಲ್ಲಿ ಅವಳು ಕರಿಹಲಗೆಯ ಬಳಿಗೆ ಬಂದದ್ದು ಅದೇ ಮೊದಲು. ಪಂದ್ಯ ಶುಕ್ರವಾರ ನಡೆಯುತ್ತದೆ, ಫಲಿತಾಂಶವನ್ನು ಇಲ್ಲಿ ತಿಳಿಸುತ್ತೇನೆ.